ಪ್ರೊಸ್ಟೇಟ್ ತೊಂದರೆ: ಕಾಯಬೇಕಾ, ಗುಳಿಗೆ ಸಾಕಾ, ಆಪರೇಷನ್ನೇ ಬೇಕಾ?

ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಒಂದೇ ಸಾಲು. ಪ್ರೊಸ್ಟೇಟ್ ಎಷ್ಟು ಗ್ರಾಂ ಇದೆ? 30 ಇದ್ದರೆ ಸಮಾಧಾನ, 60 ಇದ್ದರೆ ಗಾಬರಿ. ಕಟ್ಟೆಯ ಮೇಲೆ ಕೂತು "ನಿಂದೆಷ್ಟ, ನಂದೆಷ್ಟ" ಅಂತ ಹೋಲಿಸುವವರೂ ಇದ್ದಾರೆ. ಆದರೆ ಚಿಕಿತ್ಸೆ ಆರಿಸಿಕೊಳ್ಳಲು ಆ ಅಂಕಿ ಒಂದೇ ಸಾಲದು. 35 ಗ್ರಾಂ ಇದ್ದವರಿಗೆ ಮೂತ್ರ ಪೂರ್ತಿ ಕಟ್ಟಿ, ಅಪರಾತ್ರಿಯಲ್ಲಿ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಓಡುವ ಪಾಳಿ ಬರಬಹುದು. 90 ಗ್ರಾಂ ಇದ್ದವರು ರಾತ್ರಿಯಿಡೀ ಆರಾಮಾಗಿ ಮಲಗಬಹುದು. ಗ್ರಂಥಿ ಹೊರಕ್ಕೆ ಬೆಳೆದಿದೆಯೋ, ಒಳಕ್ಕೆ ಬೆಳೆದು ಮೂತ್ರನಾಳವನ್ನು ಒತ್ತುತ್ತಿದೆಯೋ ಅನ್ನುವುದು ಗ್ರಾಂ ಲೆಕ್ಕದಲ್ಲಿ ಕಾಣುವುದಿಲ್ಲ.

ಹಾಗಾದರೆ ಏನು ನೋಡಬೇಕು? ಮೂರು ವಿಷಯ. ನಿಮಗೆ ಎಷ್ಟು ತ್ರಾಸ ಆಗುತ್ತಿದೆ. ಮೂತ್ರಚೀಲಕ್ಕೋ ಕಿಡ್ನಿಗೋ ಪೆಟ್ಟು ಬಿದ್ದಿದೆಯೇ. ಮತ್ತೆ, ನಿಮ್ಮ ಬದುಕು ಎಂಥದ್ದು: ವಯಸ್ಸು, ದಾಂಪತ್ಯ, ಬೇರೆ ಕಾಯಿಲೆಗಳು, ಆಸ್ಪತ್ರೆ ಎಷ್ಟು ದೂರ. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಮೊದಲು ಯಾವ ಕಾಯಿಲೆ ಅಂತ ಗೊತ್ತಾಗಲಿ

ಪ್ರೊಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಚೀಲದ ಬುಡದಲ್ಲಿ, ಮೂತ್ರನಾಳದ ಸುತ್ತ ಕೂತಿರುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲು ಅಲ್ಲಿ ತಯಾರಾಗುತ್ತದೆ. ಹರೆಯದಲ್ಲಿ ಸುಮಾರು 20 ಗ್ರಾಂ ಇರುತ್ತದೆ. ನಲವತ್ತು ದಾಟಿದ ಮೇಲೆ ನಿಧಾನಕ್ಕೆ ಬೆಳೆಯುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಇರುತ್ತದೆ. ಎಂಬತ್ತರ ಮೇಲೆ ಬಹುತೇಕ ಎಲ್ಲರಲ್ಲೂ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಎರಡೂ ಒಬ್ಬರಲ್ಲೇ ಇರಬಹುದು, ಅಷ್ಟೇ.

ಹೀಗೆ ಸುಮ್ನೆ ದಪ್ಪವಾಗುವ ಗ್ರಂಥಿ ನೋವು ಕೊಡುವುದಿಲ್ಲ. ಒಂದಕ್ಕೆ ನಿಂತರೆ ಬೇಗ ಶುರುವಾಗುವುದಿಲ್ಲ. ಧಾರೆ ಸಣ್ಣಗಾಗುತ್ತದೆ, ನಡುವೆ ನಿಲ್ಲುತ್ತದೆ. ಮುಗಿಯಿತು ಅಂತ ಬಂದರೆ ಐದು ನಿಮಿಷಕ್ಕೆ ಮತ್ತೆ ಅವಸರ. ರಾತ್ರಿ ಮೂರು ನಾಲ್ಕು ಸಲ ಏಳುವುದು. "ಕಾಕಾ, ರಾತ್ರಿ ಎಷ್ಟ ಸಲ ಏಳ್ತೀರಿ?" ಅಂದರೆ, "ವಯಸ್ಸಾತಲ್ಲಪ್ಪ, ಏಳಾಕ ಬೇಕು" ಅನ್ನುವ ಉತ್ತರ ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ.

ಎರಡನೆಯದು ಸೋಂಕು, ಡಾಕ್ಟರುಗಳು ಪ್ರೊಸ್ಟಟೈಟಿಸ್ ಅನ್ನುತ್ತಾರೆ. ಇದರ ಸ್ವಭಾವವೇ ಬೇರೆ. ಚಳಿಜ್ವರ, ಉರಿಮೂತ್ರ, ವೃಷಣ ಮತ್ತು ಗುದದ ನಡುವಿನ ಜಾಗದಲ್ಲಿ ನೋವು ಒಟ್ಟಿಗೆ, ಒಂದೆರಡು ದಿನದಲ್ಲೇ ಬಂದುಬಿಡುತ್ತವೆ. ಇದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆ ಅನ್ನಬಾರದು. ಆಂಟಿಬಯಾಟಿಕ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ನಡೆಯುತ್ತದೆ. ಜ್ವರ ಇಳಿಯಿತು ಅಂತ ಐದನೇ ದಿನಕ್ಕೆ ಗುಳಿಗೆ ಬಿಟ್ಟರೆ ಮತ್ತೆ ಬರುತ್ತದೆ, ಮತ್ತು ಎರಡನೇ ಸಲ ಹಟ ಜಾಸ್ತಿ.

ಇದೇ ಹೆಸರಿನಡಿ ಬರುವ ಇನ್ನೊಂದು ತೊಂದರೆ ಇದೆ. ಐವತ್ತರ ಒಳಗಿನವರಲ್ಲಿ ಇದೇ ಜಾಸ್ತಿ. ಮೂರು ತಿಂಗಳಿಗೂ ಹೆಚ್ಚು ಕಾಲ ಕೆಳಹೊಟ್ಟೆ, ತೊಡೆಸಂದಿ, ಕೂರುವ ಜಾಗದಲ್ಲಿ ಮಂದ ನೋವು. ಮೂತ್ರ ಪರೀಕ್ಷೆ ಮಾಡಿಸಿದರೆ ಕ್ರಿಮಿ ಸಿಗುವುದಿಲ್ಲ. ಹೊತ್ತುಗಟ್ಟಲೆ ಕೂತೇ ಇರಬೇಕಾದ ಕೆಲಸದಲ್ಲಿ ಈ ನೋವು ಕೆರಳುತ್ತದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಮಗ್ಗದವರು, ಲಾರಿ ಮತ್ತು ಬಸ್ ಚಾಲಕರು ಇದನ್ನು ನೆನಪಿನಲ್ಲಿಡಬೇಕು. ಇಲ್ಲಿ ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ನುಂಗುವುದರಲ್ಲಿ ಅರ್ಥವಿಲ್ಲ. ಬೆಚ್ಚಗಿನ ನೀರಿನ ಟಬ್‌ನಲ್ಲಿ ಕೂರುವುದು, ಗಂಟೆಗೊಮ್ಮೆ ಎದ್ದು ಓಡಾಡುವುದು, ಸೊಂಟದ ಒಳಗಿನ ಸ್ನಾಯು ಸಡಿಲ ಮಾಡುವ ಫಿಸಿಯೋಥೆರಪಿ, ಕೆಲವರಿಗೆ ಮೂತ್ರನಾಳ ಸಡಿಲಿಸುವ ಗುಳಿಗೆ. ನಿಧಾನದ ದಾರಿ, ಆದರೆ ದಾರಿ ಇದೇ.

ಮೂರನೆಯದು ಕ್ಯಾನ್ಸರ್. ಶುರುವಿನಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಅದರ ಮಾತು ಆಮೇಲೆ.

ರಾತ್ರಿ ಏಳುವುದೆಲ್ಲ ಪ್ರೊಸ್ಟೇಟ್ ಅಲ್ಲ

ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೂ ರಾತ್ರಿ ಏಳಬೇಕಾಗುತ್ತದೆ. ಕಾಲು ಬಾವು ಬರುವವರಲ್ಲಿ, ಹಗಲು ಕಾಲಲ್ಲಿ ನಿಂತ ನೀರು ಮಲಗಿದ ಮೇಲೆ ಮೂತ್ರವಾಗಿ ಇಳಿಯುತ್ತದೆ. ಬಿಪಿಗೆ ಕೊಟ್ಟ ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಸಂಜೆ ನುಂಗುವವರಿದ್ದಾರೆ. ರಾತ್ರಿ ಊಟ ಆದ ಮೇಲೆ ಎರಡು ಕಪ್ ಚಹಾ ಕುಡಿಯುವವರಿದ್ದಾರೆ. ಇವರಿಗೆಲ್ಲ ಪ್ರೊಸ್ಟೇಟ್ ಗುಳಿಗೆ ಕೊಟ್ಟರೆ ಏನೂ ಉಪಯೋಗ ಆಗುವುದಿಲ್ಲ.

ಇದನ್ನು ಪತ್ತೆ ಮಾಡಲು ದುಡ್ಡು ಬೇಕಿಲ್ಲ. ಅಳತೆ ಗೆರೆ ಇರುವ ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳಿ. ಮೂರು ದಿನ, ಎಷ್ಟು ಗಂಟೆಗೆ ಎಷ್ಟು ಮೂತ್ರ ಹೋಯಿತು ಅಂತ ಹಳೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ ಮೂತ್ರಚೀಲ, ಪ್ರೊಸ್ಟೇಟ್ ಕಡೆಯ ತೊಂದರೆ. ರಾತ್ರಿ ಪ್ರತಿ ಸಲ ಮಗ್ ತುಂಬುವಷ್ಟು ಹೋಗುತ್ತಿದ್ದರೆ ದೇಹವೇ ಆ ಹೊತ್ತಿಗೆ ಮೂತ್ರ ಜಾಸ್ತಿ ತಯಾರಿಸುತ್ತಿದೆ. ಈ ಪುಟ ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಮಾತು. ವಿಜಯಪುರ, ಬಾಗಲಕೋಟೆಯ ಬಿಸಿಲಲ್ಲಿ ಪದೇ ಪದೇ ಒಂದಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ಬಿಡುವ ಹಿರಿಯರನ್ನು ಎಷ್ಟೋ ಕಂಡಿದ್ದೇನೆ. ಅದರಿಂದ ಮೂತ್ರ ದಟ್ಟವಾಗಿ ಉರಿ ಹೆಚ್ಚುತ್ತದೆ, ಹರಳು ಕಟ್ಟುತ್ತದೆ. ಹಗಲು ಚೆನ್ನಾಗಿ ಕುಡಿಯಿರಿ. ಮಲಗುವ ಎರಡು ಮೂರು ತಾಸು ಮೊದಲು ಕಡಿಮೆ ಮಾಡಿ.

ಕಾಯುವುದು ಯಾರಿಗೆ ಸರಿ

ಮೂತ್ರದ ತ್ರಾಸ ಅಳೆಯಲು ಜಗತ್ತಿನಾದ್ಯಂತ ಏಳು ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತಾರೆ. ಪ್ರತಿಯೊಂದಕ್ಕೆ 0ಯಿಂದ 5, ಒಟ್ಟು 35 ಅಂಕ. 7ರ ಒಳಗೆ ಬಂದರೆ ಸಣ್ಣ ತ್ರಾಸ, 8ರಿಂದ 19 ಮಧ್ಯಮ, 20ರ ಮೇಲೆ ಜೋರು. ಈ ಅಂಕಕ್ಕೆ ಸೇರದ ಎಂಟನೇ ಪ್ರಶ್ನೆಯೂ ಇದೆ: ಉಳಿದ ಜೀವನವೆಲ್ಲ ಹೀಗೇ ಇದ್ದರೆ ನಿಮಗೆ ಹೇಗನ್ನಿಸುತ್ತದೆ? ನನ್ನ ಪ್ರಕಾರ ಮೊದಲ ಏಳಕ್ಕಿಂತ ಇದೇ ದೊಡ್ಡದು. 14 ಅಂಕ ಬಂದ ಇಬ್ಬರಲ್ಲಿ ಒಬ್ಬರು "ನಡೀತದ ಬಿಡ್ರಿ" ಅನ್ನಬಹುದು, ಇನ್ನೊಬ್ಬರಿಗೆ ಮದುವೆ ಮನೆಗೆ ಹೋಗುವುದೇ ಬೇಡವಾಗಿರಬಹುದು. ಇಬ್ಬರಿಗೂ ಒಂದೇ ಚಿಕಿತ್ಸೆ ಹೇಗಾದೀತು?

ತ್ರಾಸ ಸಣ್ಣದಿದ್ದು, ಕಿಡ್ನಿ ಸರಿ ಇದ್ದು, ಮೂತ್ರ ಹೋದ ಮೇಲೆ ಚೀಲದಲ್ಲಿ ಉಳಿಯುವುದು ಕಡಿಮೆ ಇದ್ದರೆ ಕಾಯುವುದೇ ಚಿಕಿತ್ಸೆ. ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಒಂದಕ್ಕೆ ಹೋದಾಗ ಮುಗಿದ ಮೇಲೆ ಅರ್ಧ ನಿಮಿಷ ನಿಂತು ಮತ್ತೊಮ್ಮೆ ಪ್ರಯತ್ನಿಸುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು, ದೂರದ ಬಸ್ ಹತ್ತುವ ಮೊದಲು ಚೀಲ ಖಾಲಿ ಮಾಡುವುದು, ಇವು ನಿಜಕ್ಕೂ ಕೆಲಸ ಮಾಡುತ್ತವೆ.

ನೆಗಡಿ ಗುಳಿಗೆ ಬಗ್ಗೆ ಮಾತ್ರ ಎಚ್ಚರ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಶೀತದ ಗುಳಿಗೆಯಲ್ಲಿ ಮೂಗು ಬಿಡಿಸುವ ಮತ್ತು ನಿದ್ದೆ ಬರಿಸುವ ಔಷಧಿ ಇರುತ್ತದೆ. ಅವು ಮೂತ್ರವನ್ನು ಪೂರ್ತಿ ಕಟ್ಟಿಬಿಡಬಹುದು. ಅಲ್ಲಿಯವರೆಗೆ ಆರಾಮಾಗಿದ್ದವರು ಮೊದಲ ಸಲ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಗೆ) ಹಾಕಿಸಿಕೊಳ್ಳಲು ಇದೂ ಒಂದು ಕಾರಣ.

ಗುಳಿಗೆಗಳಲ್ಲಿ ಎರಡು ಜಾತಿ

ಒಂದು ಜಾತಿ ಮೂತ್ರಚೀಲದ ಬಾಯಿ ಮತ್ತು ಗ್ರಂಥಿಯ ಸ್ನಾಯುವನ್ನು ಸಡಿಲ ಮಾಡುತ್ತದೆ. ಟ್ಯಾಮ್ಸುಲೋಸಿನ್, ಸಿಲೋಡೋಸಿನ್, ಅಲ್ಫುಜೋಸಿನ್ ಇದರಲ್ಲಿ ಬರುತ್ತವೆ. ಕೆಲವೇ ದಿನದಲ್ಲಿ ಫರಕು ಗೊತ್ತಾಗುತ್ತದೆ. ಆದರೆ ಗ್ರಂಥಿ ಅಷ್ಟೇ ಇರುತ್ತದೆ, ಬೆಳೆಯುತ್ತಲೂ ಹೋಗುತ್ತದೆ. ಎದ್ದು ನಿಂತಾಗ ತಲೆ ತಿರುಗಬಹುದು. ರಾತ್ರಿ ಏಳುವವರು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳಬೇಕು. ಸಿಲೋಡೋಸಿನ್‌ನಲ್ಲಿ ವೀರ್ಯ ಹೊರಗೆ ಬಾರದಿರುವುದು ಉಳಿದವಕ್ಕಿಂತ ಜಾಸ್ತಿ. ಅಪಾಯವಲ್ಲ, ಗುಳಿಗೆ ಬಿಟ್ಟರೆ ಸರಿಹೋಗುತ್ತದೆ. ಆದರೆ ಗೊತ್ತಿಲ್ಲದಿದ್ದರೆ ಗಂಡಸರು ಗಾಬರಿಯಾಗಿ ಯಾರಿಗೂ ಹೇಳದೆ ಗುಳಿಗೆ ಬಿಟ್ಟುಬಿಡುತ್ತಾರೆ.

ಇನ್ನೊಂದು ಜಾತಿ ಗ್ರಂಥಿಯನ್ನೇ ಸಣ್ಣದು ಮಾಡುತ್ತದೆ. ಫಿನಾಸ್ಟರೈಡ್, ಡುಟಾಸ್ಟರೈಡ್. ಫಲ ಕಾಣಲು ಆರು ತಿಂಗಳು ಬೇಕು. ಗ್ರಂಥಿ ಸುಮಾರು ಕಾಲು ಭಾಗ ಕುಗ್ಗುತ್ತದೆ. ದೊಡ್ಡ ಗ್ರಂಥಿ ಇದ್ದವರಿಗೆ ಮಾತ್ರ ಇದರಿಂದ ಉಪಯೋಗ. ಗುಳಿಗೆ ಆರಿಸುವಾಗ ಇಲ್ಲಿ ಮಾತ್ರ ಗ್ರಾಂ ಲೆಕ್ಕ ಕೆಲಸಕ್ಕೆ ಬರುತ್ತದೆ ಅನ್ನಿ: ಸಾಮಾನ್ಯವಾಗಿ 30ರಿಂದ 40 ಗ್ರಾಂ ದಾಟಿರಬೇಕು. ಕೆಲವರಲ್ಲಿ ಲೈಂಗಿಕ ಆಸಕ್ತಿ, ನಿಮಿರುವಿಕೆ ಕುಂದುತ್ತದೆ. ಮನೆಯಲ್ಲಿ ಗರ್ಭಿಣಿ ಸೊಸೆಯೋ ಮಗಳೋ ಇದ್ದರೆ ಒಡೆದ ಗುಳಿಗೆಯನ್ನು ಅವರು ಮುಟ್ಟಬಾರದು. ಹೊಟ್ಟೆಯಲ್ಲಿರುವುದು ಗಂಡುಮಗು ಆಗಿದ್ದರೆ ತೊಂದರೆ ಆಗಬಹುದು.

ಇವೆರಡರಲ್ಲಿ ಯಾವುದು? 3,000ಕ್ಕೂ ಹೆಚ್ಚು ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತದೆ. ಕಾಯಿಲೆ ಮುಂದುವರಿಯುವ ಅಪಾಯವನ್ನು ಸಡಿಲಿಸುವ ಗುಳಿಗೆ ಒಂದೇ ಶೇ 39ರಷ್ಟು ಇಳಿಸಿತು. ಕುಗ್ಗಿಸುವ ಗುಳಿಗೆ ಒಂದೇ ಶೇ 34. ಎರಡೂ ಸೇರಿಸಿದಾಗ ಶೇ 66. ಅದಕ್ಕಿಂತ ಮುಖ್ಯವಾದ ಸಂಗತಿ ಒಳಗಿದೆ. ಮೂತ್ರ ಪೂರ್ತಿ ಕಟ್ಟುವುದು, ಆಪರೇಷನ್ ಬೇಕಾಗುವುದು, ಈ ಎರಡನ್ನು ತಡೆದದ್ದು ಕುಗ್ಗಿಸುವ ಗುಳಿಗೆ. ಸಡಿಲಿಸುವ ಗುಳಿಗೆ ಒಂದೇ ತಗೊಂಡವರಿಗೆ ಆರಾಮ ಸಿಕ್ಕಿತು, ಆದರೆ ವರ್ಷಗಳು ಕಳೆದಂತೆ ಆ ರಕ್ಷಣೆ ಸಿಗಲಿಲ್ಲ.

ಆದ್ದರಿಂದ ಸಣ್ಣ ಗ್ರಂಥಿ, ಮಧ್ಯಮ ತ್ರಾಸ ಇದ್ದವರಿಗೆ ಮೊದಲನೇ ಜಾತಿ ಸಾಕು. ದೊಡ್ಡ ಗ್ರಂಥಿ ಇದ್ದು, ಆಸ್ಪತ್ರೆ ದೂರ ಇರುವ ತೋಟದ ಮನೆಯಲ್ಲಿ ವಾಸ ಇರುವವರಿಗೆ ಎರಡನ್ನೂ ಸೇರಿಸುವುದು ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ನಡುರಾತ್ರಿ ಮೂತ್ರ ಕಟ್ಟಿದರೆ ಪಟ್ಟಣದವರಿಗೆ ಹದಿನೈದು ನಿಮಿಷದ ಆಟೋ ದಾರಿ. ಅಥಣಿಯಾಚೆಯ ತೋಟದ ವಸತಿಯಲ್ಲಿ ಇರುವವರಿಗೆ ಹಾಗಲ್ಲ. ಡಾಕ್ಟರಿಗೆ ನಿಮ್ಮ ಊರು, ದಾರಿ ಹೇಳಿ.

ಮೂರನೆಯದೊಂದು ಇದೆ. ದಿನಾ ಕಡಿಮೆ ಪ್ರಮಾಣದ ಟಡಾಲಫಿಲ್. ನಿಮಿರುವಿಕೆಯ ತೊಂದರೆಯೂ ಇದ್ದವರಿಗೆ ಎರಡಕ್ಕೂ ಒಂದೇ ಗುಳಿಗೆ ಆಗುತ್ತದೆ. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ಇದನ್ನು ಯಾವ ಕಾರಣಕ್ಕೂ ತಗೋಬಾರದು. ಬಿಪಿ ಕುಸಿದು ಜೀವಕ್ಕೇ ಬರುತ್ತದೆ.

ನೆಗ್ಗಿಲು ಮುಳ್ಳಿನ ಕಷಾಯ, ಕುಂಬಳ ಬೀಜ, ವಿದೇಶಿ ಮೂಲಿಕೆ ಸಾ ಪಾಲ್ಮೆಟೋದ ಕ್ಯಾಪ್ಸೂಲ್? ಸಾ ಪಾಲ್ಮೆಟೋವನ್ನು 2006ರಲ್ಲೂ 2011ರಲ್ಲೂ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಔಷಧಿ ಇಲ್ಲದ ಖಾಲಿ ಗುಳಿಗೆ ಜೊತೆ ಇಟ್ಟು ನೋಡಿದರು. ಮೂರು ಪಟ್ಟು ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ಕಷಾಯ ಕುಡಿಯಲೇಬೇಕು ಅನಿಸಿದರೆ ಕುಡಿಯಿರಿ, ಆದರೆ ಅದರ ನಂಬಿಕೆಯಲ್ಲಿ ಕಿಡ್ನಿಯ ರಕ್ತಪರೀಕ್ಷೆ ತಪ್ಪಿಸಬೇಡಿ. ಚೀಲದಲ್ಲಿ ಮೂತ್ರ ನಿಂತು ಕಿಡ್ನಿ ಹಾಳಾಗುವಾಗ ನೋವೇ ಆಗುವುದಿಲ್ಲ.

ಕಣ್ಣಿನ ಪೊರೆ ಆಪರೇಷನ್‌ಗೆ ಮೊದಲು

ನಮ್ಮ ಜಿಲ್ಲೆಗಳಲ್ಲಿ ಉಚಿತ ಕಣ್ಣಿನ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಪ್ರೊಸ್ಟೇಟ್ ಗುಳಿಗೆ ನುಂಗುವ ವಯಸ್ಸು, ಪೊರೆ ಬರುವ ವಯಸ್ಸು ಎರಡೂ ಒಂದೇ. ಟ್ಯಾಮ್ಸುಲೋಸಿನ್ ತಗೊಳ್ಳುವವರ ಕಣ್ಣಿನ ಪಾಪೆಯ ಪರದೆ ಆಪರೇಷನ್ ಹೊತ್ತಿಗೆ ಬಿಗಿ ಕಳೆದುಕೊಂಡು ಅಲುಗಾಡುತ್ತದೆ. ಈ ತೊಂದರೆಯನ್ನು ಕಣ್ಣಿನ ಡಾಕ್ಟರುಗಳು 2005ರಲ್ಲಿ ಗುರುತಿಸಿ ಬರೆದರು. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಿ ಮಾಡಿಕೊಂಡು ಸುರಕ್ಷಿತವಾಗಿ ಮುಗಿಸುತ್ತಾರೆ. ಗೊತ್ತಿಲ್ಲದಿದ್ದರೆ ನಡುವೆ ಫಜೀತಿ. ಎರಡು ದಿನ ಗುಳಿಗೆ ಬಿಟ್ಟರೆ ಸರಿಹೋಗುವ ವಿಷಯ ಇದಲ್ಲ, ಆದ್ದರಿಂದ ನೀವೇ ಬಿಡಬೇಡಿ. ಗುಳಿಗೆಯ ಖಾಲಿ ಪಟ್ಟಿ ತಗೊಂಡು ಹೋಗಿ ತೋರಿಸಿ. ಪೊರೆ ಆಪರೇಷನ್ ಸದ್ಯದಲ್ಲೇ ಇದೆ ಅಂತಾದರೆ, ಮೂತ್ರದ ಗುಳಿಗೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ.

ಆಪರೇಷನ್ ಯಾವಾಗ, ಯಾವುದು

ಕೆಲವು ಸಂದರ್ಭದಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಕ್ಯಾಥೆಟರ್ ತೆಗೆದ ಮೇಲೂ ಮೂತ್ರ ಪದೇ ಪದೇ ಕಟ್ಟುವುದು. ಚೀಲದಲ್ಲಿ ಹರಳು. ಮತ್ತೆ ಮತ್ತೆ ಸೋಂಕು. ಗುಳಿಗೆಗೆ ಬಗ್ಗದ ರಕ್ತಮೂತ್ರ. ಕಿಡ್ನಿ ಊದಿಕೊಂಡಿರುವುದು. ಇಲ್ಲಿ ಗ್ರಂಥಿ 30 ಗ್ರಾಂ ಇದ್ದರೂ ಆಪರೇಷನ್ ಬೇಕು. ಇವು ಯಾವುವೂ ಇಲ್ಲದೆ, ಬರೀ ಗಾತ್ರ ನೋಡಿ "ನಾಳೆಯೇ ಅಡ್ಮಿಟ್ ಆಗಿ" ಅಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ. ಒಪ್ಪುವ ಮುಂಚೆ ಎರಡು ಅಂಕಿ ಕೇಳಿ. ಒಂದು, ಧಾರೆಯ ವೇಗ. ಯಂತ್ರದೊಳಗೆ ಮೂತ್ರ ಮಾಡಿಸಿ ಅಳೆಯುತ್ತಾರೆ. ಸೆಕೆಂಡಿಗೆ 15 ಮಿಲಿ ಲೀಟರ್ ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 10ಕ್ಕಿಂತ ಕೆಳಗಿದ್ದರೆ ಅಡ್ಡಿ ಇರುವ ಸಾಧ್ಯತೆ ಜಾಸ್ತಿ. ಎರಡು, ಕೊನೆಗೆ ಚೀಲದಲ್ಲಿ ಎಷ್ಟು ಉಳಿಯಿತು. ಇದು 300 ಮಿಲಿ ಲೀಟರ್ ದಾಟುತ್ತಿದ್ದರೆ ಹಗುರವಾಗಿ ತಗೊಳ್ಳಬಾರದು.

ಆಪರೇಷನ್‌ಗಳನ್ನು ಹೀಗೆ ಅರ್ಥ ಮಾಡಿಕೊಳ್ಳಿ. ಪ್ರೊಸ್ಟೇಟ್ ಒಂದು ಕಿತ್ತಳೆ ಹಣ್ಣು ಅಂದುಕೊಂಡರೆ, ಯಾವ ವಿಧಾನದಲ್ಲೂ ಸಿಪ್ಪೆ ಅಲ್ಲೇ ಉಳಿಯುತ್ತದೆ, ತಿರುಳು ಮಾತ್ರ ಹೊರಗೆ ಬರುತ್ತದೆ. ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ತಿರುಳನ್ನು ಚೂರು ಚೂರಾಗಿ ಕೆರೆದು ತೆಗೆಯುವುದು ಟಿಯುಆರ್‌ಪಿ. ಅದೇ ದಾರಿಯಲ್ಲಿ ಲೇಸರ್ ಬಳಸಿ ತಿರುಳನ್ನು ಸಿಪ್ಪೆಯಿಂದ ಇಡಿಯಾಗಿ ಬಿಡಿಸುವುದು ಹೋಲೆಪ್. ಹೊಟ್ಟೆ ಕೊಯ್ದು ಬೆರಳಿನಿಂದ ಬಿಡಿಸುವುದು ತೆರೆದ ಆಪರೇಷನ್.

ಟಿಯುಆರ್‌ಪಿ ಹಳೆಯದು, ಪರೀಕ್ಷೆಗೆ ನಿಂತು ಗೆದ್ದದ್ದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. 30ರಿಂದ 80 ಗ್ರಾಂವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಅನುಭವ ಇರುವ ಸರ್ಜನ್‌ಗಳು ಎಲ್ಲ ಕಡೆ ಸಿಗುತ್ತಾರೆ. ಹಳೆ ಮಾದರಿಯ ಯಂತ್ರದಲ್ಲಿ ತೊಳೆಯುವ ದ್ರವ ರಕ್ತಕ್ಕೆ ಸೇರಿ ಸೋಡಿಯಂ ಕುಸಿಯುವ ಅಪಾಯ ಇತ್ತು. ಬೈಪೋಲಾರ್ ಯಂತ್ರದಲ್ಲಿ ಸಲೈನ್ ಬಳಸುವುದರಿಂದ ಆ ಭಯ ಬಹಳ ಕಡಿಮೆ. "ಸರ್, ನಿಮ್ಮದು ಬೈಪೋಲಾರಾ?" ಅಂತ ಕೇಳಿ. ಅದು ದಿಟ್ಟತನ ಅಲ್ಲ, ನಿಮ್ಮ ಹಕ್ಕು.

ಹೋಲೆಪ್ 1990ರ ದಶಕದಲ್ಲಿ ಬಂತು. ಗ್ರಂಥಿ ಎಷ್ಟೇ ದೊಡ್ಡದಿದ್ದರೂ ಆಗುತ್ತದೆ. ರಕ್ತ ಕಡಿಮೆ ಹೋಗುತ್ತದೆ, ಕ್ಯಾಥೆಟರ್ ಬೇಗ ತೆಗೆಯಬಹುದು, ಮುಂದೆ ಮತ್ತೆ ಆಪರೇಷನ್ ಬೇಕಾಗುವುದೂ ಕಡಿಮೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಗುಳಿಗೆ ನುಂಗುವವರಿಗೆ ಲೇಸರ್ ವಿಧಾನವೇ ಮೇಲು. ಕೊರತೆ ಏನೆಂದರೆ, ಇದನ್ನು ಕಲಿಯುವುದು ಕಷ್ಟ, ಕೈ ಪಳಗಲು ಬಹಳ ಕೇಸು ಬೇಕು. ಮೊದಲ ಕೆಲವು ವಾರ ಮೂತ್ರ ತೊಟ್ಟಿಕ್ಕುವುದು ಕೆಲವರಲ್ಲಿ ಇರುತ್ತದೆ. ನನ್ನನ್ನು ಕೇಳಿದರೆ, ಯಂತ್ರಕ್ಕಿಂತ ಕೈ ಮುಖ್ಯ. 60 ಗ್ರಾಂ ಗ್ರಂಥಿಗೆ, ಈಗಷ್ಟೇ ಲೇಸರ್ ಕಲಿಯುತ್ತಿರುವವರಿಗಿಂತ ವರ್ಷಗಟ್ಟಲೆ ಟಿಯುಆರ್‌ಪಿ ಮಾಡಿದವರ ಹತ್ತಿರ ಹೋಗುವುದು ವಾಸಿ. 120 ಗ್ರಾಂ ಇದ್ದರೆ ಲೆಕ್ಕ ತಿರುಗುತ್ತದೆ. ಆಗ ಪಳಗಿದ ಕೈಯ ಹೋಲೆಪ್, ಇಲ್ಲವಾದರೆ ತೆರೆದ ಆಪರೇಷನ್. ತೆರೆದದ್ದು ಅಂದ ಕೂಡಲೇ ಹಿಂದೆ ಸರಿಯಬೇಕಿಲ್ಲ. ರಕ್ತ, ನೋವು, ಆಸ್ಪತ್ರೆ ವಾಸ ಜಾಸ್ತಿ, ಆದರೆ ಫಲ ಗಟ್ಟಿ. ಚೀಲದಲ್ಲಿ ದೊಡ್ಡ ಹರಳೂ ಇದ್ದರೆ ಒಂದೇ ಸಲಕ್ಕೆ ಎರಡೂ ಮುಗಿಯುತ್ತವೆ.

ದಾಂಪತ್ಯದ ಮಾತು. ನಿಮಿರುವಿಕೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಆದರೆ ಈ ಮೂರೂ ವಿಧಾನದಲ್ಲಿ ಹೆಚ್ಚಿನವರಿಗೆ ವೀರ್ಯ ಮುಂದೆ ಬಾರದೆ ಹಿಂದಕ್ಕೆ ಮೂತ್ರಚೀಲಕ್ಕೆ ಹೋಗುತ್ತದೆ, ಮತ್ತು ಅದು ಕಾಯಂ. ಮಕ್ಕಳು ಬೇಕೆನ್ನುವವರು ಮೊದಲೇ ಹೇಳಬೇಕು. ಹೆಂಡತಿಯನ್ನೂ ಜೊತೆಗೆ ಕೂರಿಸಿಕೊಂಡು ಇದನ್ನು ಕೇಳುವುದು ಒಳ್ಳೆಯದು. ಆಮೇಲೆ ಇಬ್ಬರೂ ಒಳಗೊಳಗೇ ಕೊರಗುವುದು ತಪ್ಪುತ್ತದೆ.

ತೆಗೆದ ಚೂರುಗಳನ್ನು ಲ್ಯಾಬಿಗೆ ಕಳಿಸುತ್ತಾರೆ. ರಿಪೋರ್ಟ್ ಬರುವಷ್ಟರಲ್ಲಿ ಡಿಸ್ಚಾರ್ಜ್ ಆಗಿರುತ್ತದೆ, ಎಷ್ಟೋ ಜನ ಅದನ್ನು ತರುವುದೇ ಇಲ್ಲ. ಕೆಲವರ ಕ್ಯಾನ್ಸರ್ ಪತ್ತೆಯಾಗುವುದು ಆ ಕಾಗದದಲ್ಲೇ. ಮಗನಿಗೆ ಹೇಳಿಯಾದರೂ ತರಿಸಿಕೊಳ್ಳಿ.

ಆಪರೇಷನ್ ತಡೆಯುವ ಶಕ್ತಿ ಇಲ್ಲದ ತೀರಾ ಹಿರಿಯರಿಗೆ ಕಾಯಂ ಕ್ಯಾಥೆಟರ್ ಒಂದು ದಾರಿ. ದಿನಕ್ಕೆ ಮೂರು ನಾಲ್ಕು ಸಲ ತೆಳು ನಳಿಗೆ ಹಾಕಿ ಖಾಲಿ ಮಾಡಿ ತೆಗೆಯುವುದು ಇನ್ನೊಂದು. ಮನೆಯವರು ಕಲಿಯಲು ತಯಾರಿದ್ದರೆ ಎರಡನೆಯದರಲ್ಲಿ ಸೋಂಕು ಕಡಿಮೆ. ಕಾಯಂ ಹಾಕಿದರೆ ಮಾಮೂಲಿ ರಬ್ಬರ್ ನಳಿಗೆಯನ್ನು ಕೆಲವೇ ವಾರಕ್ಕೊಮ್ಮೆ, ಪೂರ್ತಿ ಸಿಲಿಕೋನ್ ಇದ್ದರೆ ಹೆಚ್ಚೆಂದರೆ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಹಾಕಿಸಿ ಮರೆತರೆ ತುದಿಗೆ ಹರಳು ಕಟ್ಟಿ, ತೆಗೆಯುವುದೇ ಒಂದು ಆಪರೇಷನ್ ಆಗುತ್ತದೆ.

ಪಿಎಸ್‌ಎ ಪರೀಕ್ಷೆ ಮತ್ತು ಕ್ಯಾನ್ಸರ್

ಪಿಎಸ್‌ಎ ಅಂದರೆ ಪ್ರೊಸ್ಟೇಟ್ ತಯಾರಿಸುವ ಒಂದು ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆ. ಮಿಲಿ ಲೀಟರಿಗೆ 4 ನ್ಯಾನೋಗ್ರಾಂ ದಾಟಿದರೆ ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಛಾಪಿಸುತ್ತಾರೆ, ಮನೆಯಲ್ಲಿ ಅಳು ಶುರುವಾಗುತ್ತದೆ. ತಡೆಯಿರಿ. ಗ್ರಂಥಿ ದೊಡ್ಡದಾದರೂ ಅದು ಏರುತ್ತದೆ, ಸೋಂಕಾದರೂ ಏರುತ್ತದೆ, ಕ್ಯಾಥೆಟರ್ ಹಾಕಿದರೂ ಏರುತ್ತದೆ. 4ರಿಂದ 10ರ ನಡುವೆ ಬಂದವರಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ. ಸೋಂಕು ಆಗಿದ್ದರೆ ಆರು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಸಂಭೋಗ ಬೇಡ.

ಇದಕ್ಕೆ ಉಲ್ಟಾ ಆಗುವುದೂ ಉಂಟು. ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಆರು ತಿಂಗಳು ನುಂಗಿದವರಲ್ಲಿ ಪಿಎಸ್‌ಎ ಅರ್ಧಕ್ಕೆ ಇಳಿಯುತ್ತದೆ. ರಿಪೋರ್ಟಿನಲ್ಲಿ 3 ಅಂತ ಇದ್ದರೆ ಅದನ್ನು 6 ಅಂತ ಓದಬೇಕು. ಪರೀಕ್ಷೆ ಬರೆಯುವ ಡಾಕ್ಟರಿಗೆ ನೀವು ಆ ಗುಳಿಗೆ ವಿಷಯ ಹೇಳದಿದ್ದರೆ ಎಲ್ಲ ಸರಿ ಇದೆ ಅಂದುಬಿಡುತ್ತಾರೆ.

ತೊಂದರೆಯೇ ಇಲ್ಲದವರು ಮಾಡಿಸಬೇಕಾ? ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಮಾಡಿಸಿ, ಅಂಥವರಲ್ಲಿ ಅಪಾಯ ಸುಮಾರು ಎರಡು ಪಟ್ಟು. ಉಳಿದವರು 55ರಿಂದ 69ರ ನಡುವೆ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಿದರೆ ಸಾಕು. 70 ದಾಟಿದವರಿಗೆ ಸುಮ್ನೆ ತಪಾಸಣೆಗೆ ಅಂತ ಬೇಡ ಎಂದು ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿದೆ. ಆದರೆ ಇದು ಲಕ್ಷಣ ಇಲ್ಲದವರ ಮಾತು. ಎಪ್ಪತ್ತರ ಹಿರಿಯರಿಗೆ ಹೊಸದಾಗಿ ಬೆನ್ನು, ಸೊಂಟದ ಮೂಳೆ ನೋವು ಶುರುವಾಗಿ ರಾತ್ರಿಯೂ ಬಿಡುತ್ತಿಲ್ಲ ಅಂದರೆ, ಎಣ್ಣೆ ಹಚ್ಚಿ ತಿಕ್ಕಿಸುವ ಮೊದಲು ಪಿಎಸ್‌ಎ ಮಾಡಿಸಲೇಬೇಕು. ಈ ಕ್ಯಾನ್ಸರ್ ಹರಡುವಾಗ ಹೆಚ್ಚಾಗಿ ಹೋಗುವುದು ಮೂಳೆಗೆ. ಕಾಲಿನ ಶಕ್ತಿ ಹೋಗುತ್ತಿದ್ದರೆ ಅದೇ ದಿನ ಆಸ್ಪತ್ರೆ.

ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದಾಗ ಪತ್ತೆಯಾದರೆ ಆಪರೇಷನ್, ರೇಡಿಯೇಷನ್, ಏನೂ ಮಾಡದೆ ಗಮನಿಸುತ್ತ ಇರುವುದು, ಹೀಗೆ ಮೂರು ದಾರಿ. ಬ್ರಿಟನ್‌ನಲ್ಲಿ 1,643 ಗಂಡಸರನ್ನು ಈ ಮೂರು ಗುಂಪಿಗೆ ಹಂಚಿ ನೋಡಿದರು. 2023ರಲ್ಲಿ 15 ವರ್ಷದ ಫಲಿತಾಂಶ ಬಂತು. ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಸುಮಾರು ಮೂವರು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಆಪರೇಷನ್ ಆದವರಲ್ಲಿ ಮೂತ್ರ ಸೋರುವುದು, ನಿಮಿರುವಿಕೆ ಹೋಗುವುದು ಜಾಸ್ತಿ. ಸುಮ್ನೆ ಗಮನಿಸಿದವರಲ್ಲಿ ಕ್ಯಾನ್ಸರ್ ಹರಡಿದ್ದು ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ರಿಪೋರ್ಟ್ ಬಂದ ವಾರದಲ್ಲೇ ಹೊಲ ಮಾರಿ ಓಡಬೇಕಿಲ್ಲ, ಯೋಚಿಸಲು ಸಮಯ ಇದೆ. ಆದರೆ ಅವರೆಲ್ಲ ತಪಾಸಣೆಯಲ್ಲಿ ಬೇಗ ಪತ್ತೆಯಾದವರು. ನಮ್ಮಲ್ಲಿ ಬಹಳ ಜನ ಬರುವುದೇ ಮೂಳೆ ನೋವು ಶುರುವಾದ ಮೇಲೆ. ಅವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಹಾಗೆ ಹರಡಿದವರಿಗೆ ಗಂಡುಹಾರ್ಮೋನು ನಿಲ್ಲಿಸುವುದು ಚಿಕಿತ್ಸೆಯ ಬುನಾದಿ. ಚಾರ್ಲ್ಸ್ ಹಗಿನ್ಸ್ ಇದನ್ನು 1941ರಲ್ಲಿ ತೋರಿಸಿದರು, 1966ರಲ್ಲಿ ನೊಬೆಲ್ ಬಂತು. ಇಲ್ಲೂ ಆಯ್ಕೆ ಇದೆ. ಒಂದು ಅಥವಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಹೆಚ್ಚಿನವರಿಗೆ ಜೀವನಪೂರ್ತಿ. ಇಲ್ಲವೇ ಒಂದೇ ಸಲ ಸಣ್ಣ ಆಪರೇಷನ್ ಮಾಡಿ ವೃಷಣ ತೆಗೆಯುವುದು. ಹಾರ್ಮೋನು ಇಳಿಸುವುದರಲ್ಲಿ ಎರಡೂ ಸಮ. ಇಂಜೆಕ್ಷನ್ ತಪ್ಪಿಸಿದರೆ ಕಾಯಿಲೆ ಎದ್ದು ಕೂರುತ್ತದೆ, ಖರ್ಚೂ ಮುಗಿಯುವುದಿಲ್ಲ. ಆಪರೇಷನ್ ಅಂದರೆ ಮನಸ್ಸು ಒಪ್ಪುವುದಿಲ್ಲ. ಹೊರಗಿನ ಆಕಾರ ಉಳಿಸಿ ಒಳಗಿನ ತಿರುಳಷ್ಟೇ ತೆಗೆಯುವ ವಿಧಾನವೂ ಇದೆ ಅಂತ ತಿಳಿದರೆ ಕೆಲವರು ಒಪ್ಪುತ್ತಾರೆ. ಪ್ರತಿ ಸಲ ಬಸ್ ಹತ್ತಿ ಬರಲು ಯಾರ ಆಸರೆಯೂ ಇಲ್ಲದವರಿಗೆ ನಾನು ಆಪರೇಷನ್ ಕಡೆಗೇ ವಾಲುತ್ತೇನೆ.

ಎಲ್ಲಿ, ಯಾವ ಕಾಲದಲ್ಲಿ

ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್, ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ. ವಿಜಯಪುರದಲ್ಲಿ ಬಿಎಲ್‌ಡಿಇ ಆಸ್ಪತ್ರೆ. ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ. ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಚಿಕ್ಕೋಡಿ, ಅಥಣಿ ಕಡೆಯವರು ಮೀರಜ್‌ಗೆ, ಇಂಡಿ ಕಡೆಯವರು ಸೊಲ್ಲಾಪುರಕ್ಕೆ ಹೋಗುವುದು ಹಳೆ ರೂಢಿ. ಹೋಗಿ, ಆದರೆ ನಿಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಅಂತ ಮೊದಲೇ ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಲೇಸರ್ ಆಪರೇಷನ್ ಅದರಲ್ಲಿ ಪೂರ್ತಿ ಬರುತ್ತದೋ, ಮೇಲೆ ಕೈಯಿಂದ ಕಟ್ಟಬೇಕೋ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಅಡ್ಮಿಟ್ ಆಗುವ ಮುಂಚೆಯೇ. ದಿನದ ಗುಳಿಗೆಗೆ ಜನೌಷಧಿ ಅಂಗಡಿ ನೋಡಿ, ಬಿಲ್ ಬಹಳ ಇಳಿಯುತ್ತದೆ.

ತುರ್ತು ಇಲ್ಲದ ಆಪರೇಷನ್ ಆದರೆ ಹಂಗಾಮು ನೋಡಿ ದಿನ ಗೊತ್ತು ಮಾಡಿ. ಆಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು, ಟ್ರ್ಯಾಕ್ಟರ್ ಓಡಿಸಬಾರದು, ಹಾಳು ರಸ್ತೆಯಲ್ಲಿ ಬೈಕ್ ಹತ್ತಬಾರದು. ಕಬ್ಬು ಕಡಿಯುವ ನಡುವೆ ಮಾಡಿಸಿಕೊಂಡರೆ ಯಾವ ರೈತ ಸುಮ್ಮನೆ ಮಂಚದ ಮೇಲೆ ಇರುತ್ತಾನೆ? ಕಬ್ಬು ಫ್ಯಾಕ್ಟರಿಗೆ ಹೋದ ಮೇಲೆ ಮಾಡಿಸುವುದು ಜಾಣತನ.

ಎರಡನೇ ವಾರದ ಹೊತ್ತಿಗೆ ಒಳಗಿನ ಗಾಯದ ಹೆಕ್ಕಳೆ ಕಳಚಿ ಮತ್ತೆ ಸ್ವಲ್ಪ ರಕ್ತ ಕಾಣುವುದು ಸಾಮಾನ್ಯ. ನೀರು ಜಾಸ್ತಿ ಕುಡಿದು ಮಲಗಿದರೆ ತಿಳಿಯಾಗುತ್ತದೆ. ಆದರೆ ರಕ್ತದ ಗಡ್ಡೆ ಬಂದು ಮೂತ್ರ ನಿಂತರೆ, ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಬೇಕು ಅಂತ ನೂರು ಕಿಲೋಮೀಟರ್ ಪ್ರಯಾಣ ಮಾಡಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಡಿಸ್ಚಾರ್ಜ್ ಚೀಟಿ ತೋರಿಸಿ. ಅಲ್ಲಿಂದಲೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿಸಿ.